ಮುತ್ತುಗದ ಹೆಸರಿನ ಹಡಗು

“ಅಜ್ಜಿ, ನಾಳೆ ನಾವು ಪ್ಲಾಸಿ ನೋಡೋಕೆ ಹೋಗ್ತಿದ್ದೀವಿ” ಎಂದು ಮೊಮ್ಮಗ ಅಡುಗೆಮನೆಗೆ ಓಡಿಬಂದು ಹೇಳಿದಾಗ ನಾನು ಚಪಾತಿ ಹಿಟ್ಟು ನಾದುತ್ತಿದ್ದೆ.

“ಮೊನ್ನೆ ತಾನೇ ಅಲ್ಲಿಗೆ ವಾಕಿಂಗ್ ಹೋಗಿದ್ದೆವಲ್ಲೋ ಪುಟ್ಟಾ” ಎಂದೆ.

“ಪುಟ್ಟ ಅನ್ಬೇಡ ಅಜ್ಜಿ, ನಂಗೆ ಹತ್ತು ವರ್ಷ. ಇದು ಆ ಪ್ಲಾಸಿ ಅಲ್ಲ, ಹಡಗಿನ ಪ್ಲಾಸಿ!”

ಇಲ್ಲಿ ಸ್ವಲ್ಪ ವಿವರಿಸಬೇಕು. ನನ್ನ ಮಗಳು ಐರ್ಲೆಂಡಿನ ಲಿಮೆರಿಕ್ ನಗರದಲ್ಲಿ ನರ್ಸ್. ಬೇಸಿಗೆಯಲ್ಲಿ ಮೂರು ತಿಂಗಳು ಅವಳ ಮನೆಯಲ್ಲಿದ್ದು ಬರೋಣವೆಂದು ನಾನು ಸಿರಾದ ಕಡೆಯಿಂದ ಹೊರಟು ಬಂದಿದ್ದೆ. ಲಿಮೆರಿಕ್ಕಿನ ಅಂಚಿನಲ್ಲಿ ಶಾನನ್ ಎಂಬ ದೊಡ್ಡ ಹೊಳೆ ಹರಿಯುತ್ತದೆ. ಅದರ ದಡದಲ್ಲಿ ವಿಶ್ವವಿದ್ಯಾಲಯವಿರುವ ಜಾಗಕ್ಕೆ ಪ್ಲಾಸಿ ಎಂದೇ ಹೆಸರು. ಮೊದಲ ದಿನ ಅಳಿಯ ಆ ಹೆಸರು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಮೂವತ್ತೊಂದು ವರ್ಷ ಶಾಲೆಯಲ್ಲಿ ಸಮಾಜ ಪಾಠ ಮಾಡಿದವಳು ನಾನು. “ಪ್ಲಾಸಿ ಕದನ ಯಾವಾಗ ನಡೆಯಿತು?” ಎಂದು ಕೇಳಿದರೆ ನನ್ನ ಮಕ್ಕಳು ನಿದ್ದೆಗಣ್ಣಿನಲ್ಲೂ “1757, ಟೀಚರ್” ಎನ್ನುತ್ತಿದ್ದರು. ಬಂಗಾಳದ ನವಾಬ ಸಿರಾಜುದ್ದೌಲ, ಅವನಿಗೆ ಮೋಸ ಮಾಡಿದ ಮೀರ್ ಜಾಫರ್, ಗೆದ್ದ ರಾಬರ್ಟ್ ಕ್ಲೈವ್. ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೋ!

ಆ ಕ್ಲೈವ್ ಊರಿಗೆ ಹಿಂತಿರುಗಿದ ಮೇಲೆ 1762ರಲ್ಲಿ ಅವನಿಗೆ ಐರ್ಲೆಂಡಿನ ‘ಪ್ಲಾಸಿಯ ಬ್ಯಾರನ್’ ಎಂಬ ಬಿರುದು ಕೊಟ್ಟರು. ಈ ಭಾಗದಲ್ಲಿ ಜಮೀನು ಕೊಂಡು ಅದಕ್ಕೆ ತಾನು ಗೆದ್ದ ಊರಿನ ಹೆಸರನ್ನೇ ಇಟ್ಟ. ಹೀಗೆ ಬಂಗಾಳದ ಒಂದು ಹಳ್ಳಿಯ ಹೆಸರು ಏಳು ಸಮುದ್ರ ದಾಟಿ ಇಲ್ಲಿ ಬಂದು ಕೂತಿತು. ಆ ಹಳ್ಳಿಯ ನಿಜವಾದ ಹೆಸರು ಪಲಾಶಿ. ಪಲಾಶದ ಮರಗಳಿದ್ದ ಊರು ಎಂದರ್ಥ. ಪಲಾಶವೆಂದರೆ ಮತ್ತೇನಲ್ಲ, ನಮ್ಮ ಮುತ್ತುಗ! ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ ಗಿಡ ತುಂಬ ಕೆಂಡದಂಥ ಹೂ ಬಿಡುವ ಮರ. ಚಿಕ್ಕಂದಿನಲ್ಲಿ ನಮ್ಮ ಅವ್ವನ ಜೊತೆ ಕೂತು ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಊಟದ ಎಲೆ ಮಾಡುತ್ತಿದ್ದ ನೆನಪು ನನ್ನ ಬೆರಳಲ್ಲಿ ಇನ್ನೂ ಇದೆ. ಮೊಮ್ಮಗನಿಗೆ ಇದನ್ನೆಲ್ಲ ಹೇಳಿದ್ದೆ. ಅವನಿಗೆ ಪ್ಲಾಸಿ ಎಂದರೆ ಸೈಕಲ್ ಹೊಡೆಯುವ ಜಾಗ. ನನಗೆ 1757. ಈಗ ನೋಡಿದರೆ ಹಡಗೂ ಒಂದಿದೆಯಂತೆ.

ಹಡಗು ನೋಡಲು ದ್ವೀಪಕ್ಕೆ ಹೋಗಬೇಕು, ದೋಣಿಯಲ್ಲಿ ಎಂದು ಮಗಳು ಹೇಳಿದಾಗ ನನ್ನ ಮುಖ ಸಣ್ಣದಾಯಿತು. ನೀರೆಂದರೆ ನನಗೆ ಆಗದು. ಕೆರೆ, ಹೊಳೆ, ಬಾವಿ, ಯಾವುದೂ. ಆ ವಾರ ಮನೆಯಲ್ಲಿ ಅದೇ ವಿಷಯಕ್ಕೆ ಸಣ್ಣ ಮಾತುಕತೆಯೂ ಆಗಿತ್ತು. ಮೊಮ್ಮಗನನ್ನು ಈಜು ಕಲಿಯಲು ಹಾಕಿದ್ದರು. ಎರಡನೇ ಪಾಠದಲ್ಲೇ ಅವನು ಮೂಗಿಗೆ ನೀರು ಹೋಗಿ ಅತ್ತುಕೊಂಡು ಬಂದಿದ್ದ. “ಬೇಡ ಅಂದರೆ ಬಿಡಿ, ಮಗೂನ ಯಾಕೆ ಬಲವಂತ ಮಾಡ್ತೀರಿ” ಎಂದು ನಾನು ಅವನ ಪರ ನಿಂತೆ. ಮಗಳು ಏನೂ ಹೇಳಲಿಲ್ಲ, ಆದರೆ ಪಾತ್ರೆ ತೊಳೆಯುವ ಸದ್ದು ಸ್ವಲ್ಪ ಜೋರಾಯಿತು. ಅವಳಿಗೂ ನಾನು ಈಜು ಕಲಿಯಲು ಬಿಟ್ಟಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕಾರಿನಲ್ಲಿ ಕ್ಲೇರ್ ಜಿಲ್ಲೆಯ ಡೂಲಿನ್ ಎಂಬ ಕಡಲೂರಿಗೆ ಹೊರಟೆವು. ದಾರಿಯುದ್ದಕ್ಕೂ ಹಸಿರು ಹುಲ್ಲು, ಹಸು, ಮತ್ತೆ ಹುಲ್ಲು. ಡೂಲಿನ್ ಹತ್ತಿರ ಬರುತ್ತಲೇ ನೆಲದ ಬಣ್ಣ ಬದಲಾಯಿತು. ಬೂದು ಬಣ್ಣದ ಸುಣ್ಣಕಲ್ಲಿನ ಬಂಡೆಗಳು ನೆಲಕ್ಕೆ ಹಾಸಿದಂತೆ ಬಿದ್ದಿದ್ದವು. ದೋಣಿಕಟ್ಟೆಯಲ್ಲಿ ಟಿಕೆಟ್ ಕೊಟ್ಟ ಹುಡುಗಿ, “ಇವತ್ತು ಸಮುದ್ರ ಸ್ವಲ್ಪ ಆಟವಾಡ್ತಿದೆ” ಎಂದು ನಗುತ್ತ ಹೇಳಿದಳಂತೆ. ಮಗಳು ಅದನ್ನು ನನಗೆ ಹಿಂತಿರುಗಿ ಬಂದ ಮೇಲೆ ತಿಳಿಸಿದಳು. ಒಳ್ಳೆಯದೇ ಮಾಡಿದಳು.

ದೋಣಿ ಎಂದರೆ ಪುಟ್ಟದೇನಲ್ಲ, ನೂರಾರು ಜನ ಹಿಡಿಸುವಂಥದ್ದು. ಆದರೂ ಅಲೆ ಮೇಲೆ ಏರಿದಾಗ ಹೊಟ್ಟೆ ಗಂಟಲಿಗೆ ಬರುತ್ತಿತ್ತು. ನಾನು ಕಣ್ಣು ಮುಚ್ಚಿ ಬಾಯಲ್ಲಿ ಒಂದು ಚೂರು ಶುಂಠಿ ಇಟ್ಟುಕೊಂಡು ಕುಳಿತೆ. ಬಲಗಡೆ ಕಿಟಕಿ, ಎಡಗಡೆ ಮೊಮ್ಮಗ. ಅವನ ಕೈ ನನ್ನ ಕೈಯನ್ನು ಹಿಡಿದಿತ್ತೋ, ನನ್ನ ಕೈ ಅವನ ಕೈಯನ್ನೋ ತಿಳಿಯಲಿಲ್ಲ. ಒಂದು ಸಲ ಕಣ್ಣು ಬಿಟ್ಟಾಗ ಹಿಂದೆ ಮೊಹರ್ ಬಂಡೆಗೋಡೆ ಕಂಡಿತು. ಸಮುದ್ರದಿಂದ ನೆಟ್ಟಗೆ ಇನ್ನೂರು ಮೀಟರಿಗೂ ಹೆಚ್ಚು ಎತ್ತರ ಎದ್ದು ನಿಂತ ಕಪ್ಪು ಗೋಡೆ. ಅದನ್ನು ನೋಡಲು ಲಕ್ಷಾಂತರ ಜನ ಬರುತ್ತಾರೆ. ನಾನು ಅರ್ಧ ನಿಮಿಷ ನೋಡಿ ಮತ್ತೆ ಕಣ್ಣು ಮುಚ್ಚಿದೆ.

ದ್ವೀಪದ ಹೆಸರು ಇನಿಶ್ ಈರ್. ಗಾಲ್ವೇ ಕೊಲ್ಲಿಯ ಬಾಯಲ್ಲಿರುವ ಮೂರು ಅರಾನ್ ದ್ವೀಪಗಳಲ್ಲಿ ಇದೇ ಚಿಕ್ಕದು. ಈ ತುದಿಯಿಂದ ಆ ತುದಿಗೆ ಸುಮಾರು ಮೂರು ಕಿಲೋಮೀಟರ್. ವರ್ಷವಿಡೀ ಇಲ್ಲೇ ಇರುವವರು ಮುನ್ನೂರರ ಆಸುಪಾಸು ಜನ. ನಮ್ಮ ಒಂದು ಸಣ್ಣ ಹಳ್ಳಿಯಷ್ಟು. ಅವರ ಮನೆಮಾತು ಇಂಗ್ಲಿಷ್ ಅಲ್ಲ, ಐರಿಶ್. ಐರ್ಲೆಂಡಿನ ಬಹುಪಾಲು ಕಡೆ ದಿನನಿತ್ಯದ ಬಳಕೆಯಿಂದ ಮರೆಯಾದ ಈ ಭಾಷೆ ಪಶ್ಚಿಮದ ಕರಾವಳಿಯಲ್ಲಿ, ಇಂಥ ದ್ವೀಪಗಳಲ್ಲಿ ಇನ್ನೂ ಅಂಗಡಿಯ ಭಾಷೆ, ಜಗಳದ ಭಾಷೆ, ಮಕ್ಕಳಾಟದ ಭಾಷೆಯಾಗಿ ಉಳಿದಿದೆ. ಆದರೆ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಕಲಿಸುತ್ತಾರೆ. ನನ್ನ ಮೊಮ್ಮಗನಿಗೂ.

ಕಟ್ಟೆಯ ಹತ್ತಿರ ಕುದುರೆಗಾಡಿಗಳು ನಿಂತಿದ್ದವು. ನಮ್ಮ ಜಟಕಾ ನೆನಪಾಯಿತು. ನನ್ನ ಮಂಡಿ ನೋವಿನ ದೆಸೆಯಿಂದ ಗಾಡಿಯೇ ಆಗಲಿ ಎಂದರು. ಗಾಡಿಯವರು ನನ್ನಷ್ಟೇ ವಯಸ್ಸಿನ ಹಿರಿಯರು, ಗಾಳಿಗೆ ಒಣಗಿದ ಮುಖ. ಮೊಮ್ಮಗ ಸಂಕೋಚದಿಂದಲೇ “ದಿಯ ಗ್ವಿಚ್” ಎಂದ. ಅದು ಐರಿಶ್ ನಮಸ್ಕಾರ. ದೇವರು ನಿಮ್ಮ ಜೊತೆಗಿರಲಿ ಎಂಬ ಅರ್ಥ. ಆ ತಾತ ತಟ್ಟನೆ ತಿರುಗಿ, ಉದ್ದದ ಉತ್ತರ ಕೊಟ್ಟರು. “ದೇವರು ಮತ್ತು ಮೇರಿಮಾತೆ ನಿನ್ನ ಜೊತೆಗಿರಲಿ ಅಂತ ಹೇಳ್ಬೇಕು ಅಜ್ಜಿ, ಅದು ರೂಲು” ಎಂದು ಮೊಮ್ಮಗ ವಿವರಿಸಿದ. ಒಬ್ಬರು ಹೇಳಿದ್ದಕ್ಕಿಂತ ಒಂದು ಹೆಚ್ಚು ಸೇರಿಸಿ ಹಿಂದಿರುಗಿಸುವ ಪದ್ಧತಿ ನನಗೆ ಬಹಳ ಹಿಡಿಸಿತು. ಬಾಗಿನ ಕೊಟ್ಟ ಮೊರ ಖಾಲಿ ಹಿಂದಿರುಗಿಸಬಾರದು ಎನ್ನುವ ಹಾಗೆ. ಅದರ ಮೇಲೆ ಆ ತಾತ ಏನೇನೋ ಕೇಳಿದರು, ಹುಡುಗ ತಡವರಿಸಿ ತಡವರಿಸಿ ಉತ್ತರ ಕೊಟ್ಟ. ಮನೆಯಲ್ಲಿ ಐರಿಶ್ ಹೋಂವರ್ಕ್ ಎಂದರೆ ಮುಖ ಸೊಟ್ಟ ಮಾಡುವವನು ಅವನೇ!

ಗಾಡಿ ಹೊರಟಿತು. ಎರಡೂ ಕಡೆ ಕಲ್ಲುಗೋಡೆ, ಅದರಾಚೆ ಇನ್ನೊಂದು ಗೋಡೆ, ಅದರಾಚೆ ಮತ್ತೊಂದು. ಗಾರೆ ಇಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೇ. ನಡುವೆ ಸಂದುಗಳು, ಅದರಲ್ಲಿ ಆಚೆಯ ಆಕಾಶ ಕಾಣುತ್ತದೆ. ಗೋಡೆಯಲ್ಲಿ ಸಂದಿರುವುದರಿಂದಲೇ ಬಿರುಗಾಳಿ ಅದರ ಮೂಲಕ ಹಾದುಹೋಗುತ್ತದೆ, ಗೋಡೆ ಉಳಿಯುತ್ತದೆ. ಗೇಟೂ ಇಲ್ಲ. ಹಸುವನ್ನು ಹೊರಗೆ ಬಿಡಬೇಕಾದರೆ ನಾಲ್ಕು ಕಲ್ಲು ಇಳಿಸುವುದು, ಮತ್ತೆ ಏರಿಸುವುದು. ನಮ್ಮ ಬಯಲುಸೀಮೆಯಲ್ಲಿ ಹೊಲ ಹಸನು ಮಾಡುವಾಗ ಸಿಕ್ಕ ಕಲ್ಲನ್ನೆಲ್ಲ ಬದುವಿಗೆ ಪೇರಿಸುತ್ತಾರಲ್ಲ, ಅದರ ದೊಡ್ಡಪ್ಪ ಇದು. ಆದರೆ ನಮ್ಮಲ್ಲಿ ಕಲ್ಲಿನ ಕೆಳಗೆ ಮಣ್ಣಾದರೂ ಇದೆ. ಇಲ್ಲಿ ಅದೂ ಇಲ್ಲ, ಕಲ್ಲಿನ ಕೆಳಗೂ ಕಲ್ಲೇ. ಹಿಂದಿನವರು ಕಡಲದಂಡೆಯಿಂದ ಮರಳನ್ನೂ ಕಡಲಪಾಚಿಯನ್ನೂ ಹೊತ್ತು ತಂದು, ಬಂಡೆಯ ಮೇಲೆ ಹರಡಿ, ವರ್ಷಗಟ್ಟಲೆ ಕೊಳೆಸಿ ಮಣ್ಣನ್ನೇ ತಯಾರು ಮಾಡಿ ಅದರಲ್ಲಿ ಆಲೂಗಡ್ಡೆ ಬೆಳೆದರು. ಮಳೆ ಬರಲಿಲ್ಲವೆಂದು ಗೊಣಗುವ ನಮಗೆ, ಮಣ್ಣೇ ಇಲ್ಲವೆಂದು ಗೊಣಗುವ ಹಕ್ಕಿದ್ದವರು ಇವರು.

ದಾರಿಯಲ್ಲಿ ಒಂದು ವಿಚಿತ್ರ ಕಂಡೆ. ಸ್ಮಶಾನದ ದಿಬ್ಬದ ನಡುವೆ ಹಳೆಯ ಕಲ್ಲಿನ ಚರ್ಚು, ನೆಲದೊಳಗೆ ಇಳಿದುಹೋಗಿದೆ. ಸಂತ ಕೈವಾನನ ಚರ್ಚಂತೆ. ಸುತ್ತ ಮರಳು ಏರಿ ಏರಿ ಅದು ಹೂತುಹೋಗುತ್ತಲೇ ಇರುತ್ತದೆ, ಊರಿನವರು ಪ್ರತಿವರ್ಷ ಜೂನ್ 14ರ ಅವನ ಹಬ್ಬಕ್ಕೆ ಮರಳನ್ನು ತೆಗೆಯುತ್ತಲೇ ಇರುತ್ತಾರೆ. ಮೇಲೆ ಗುಡ್ಡದಲ್ಲಿ ಓಬ್ರಿಯನ್ ಮನೆತನದ ಮುರಿದ ಕೋಟೆಯೂ ಇದೆ. ಅಳಿಯ, ಮಗಳು ಅಲ್ಲಿಗೆ ಹತ್ತಿದರು. ನಾನೂ ಮೊಮ್ಮಗನೂ ಗಾಡಿಯಲ್ಲೇ ಮುಂದುವರಿದೆವು. ಸಿಹಿನೀರಿನ ಒಂದು ಕೆರೆ ದಾಟಿ, ದ್ವೀಪದ ಪೂರ್ವದ ದಂಡೆಗೆ ತಿರುಗುತ್ತಲೇ ಹುಡುಗ ಗಾಡಿಯಲ್ಲಿ ಎದ್ದು ನಿಂತ.

“ಅಜ್ಜೀ, ಅಲ್ಲಿ!”

ನೀರಿನಲ್ಲಿ ಇರಬೇಕಾದ ಹಡಗು ಬಂಡೆಗಳ ಮೇಲೆ ನಿಂತಿತ್ತು. ಸಾಮಾನ್ಯ ಅಲೆಗಳು ಮುಟ್ಟಲಾರದಷ್ಟು ಮೇಲೆ. ಯಾರೋ ದೈತ್ಯ ಮಗು ಆಟವಾಡಿ ಬೇಸರವಾಗಿ ಬಿಟ್ಟುಹೋದ ಹಾಗೆ. ಮೂಗಿನಿಂದ ಬಾಲದವರೆಗೆ ತುಕ್ಕು. ಆ ತುಕ್ಕಿನ ಬಣ್ಣ ಹೇಗಿತ್ತು ಎಂದು ಹೇಳಲೇ? ಸರಿಯಾಗಿ ಮುತ್ತುಗದ ಹೂವಿನ ಬಣ್ಣ, ಹೂ ಬಾಡಿ ನೆಲಕ್ಕೆ ಬಿದ್ದ ಎರಡನೇ ದಿನದ್ದು. ಹೊಟ್ಟೆಯಲ್ಲಿ ದೊಡ್ಡ ದೊಡ್ಡ ತೂತುಗಳು. ಒಂದು ತೂತಿನಲ್ಲಿ ನೋಡಿದರೆ ಆಚೆಯ ಸಮುದ್ರ ಕಾಣುತ್ತದೆ, ಇಲ್ಲಿನ ಕಲ್ಲುಗೋಡೆಗಳ ಹಾಗೆಯೇ. ಗಾಳಿ ಅದರೊಳಗೆ ಹೊಕ್ಕು ಹೊರಬರುವಾಗ ಖಾಲಿ ಬಿಂದಿಗೆಯ ಬಾಯಿಗೆ ಊದಿದಂಥ ಸದ್ದು.

ಈ ಹಡಗಿನ ಜಾತಕ ಸ್ವಾರಸ್ಯವಾಗಿದೆ. ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಇಂಗ್ಲೆಂಡಿನ ಬೆವರ್ಲಿ ಎಂಬ ಊರಿನಲ್ಲಿ. ಬ್ರಿಟಿಷ್ ನೌಕಾಪಡೆಗಾಗಿ ಕಟ್ಟಿದ ಈ ಹಡಗುಗಳ ತಂಡಕ್ಕೆ ಶೇಕ್ಸ್‌ಪಿಯರನ ನಾಟಕದ ಪಾತ್ರಗಳ ಹೆಸರು. ಹ್ಯಾಮ್ಲೆಟ್, ಒಥೆಲೋ, ರೋಮಿಯೋ ಎಲ್ಲರೂ ಇದ್ದರು. ಇವಳ ಹೆಸರು ಜೂಲಿಯೆಟ್! ಯುದ್ಧ ಮುಗಿದು 1947ರಲ್ಲಿ ಕೆಲಸ ಬದಲಾಯಿತು, ಸರಕು ಸಾಗಿಸುವ ಹಡಗಾದಳು, ಹೆಸರು ಪೀಟರ್‌ಜಾನ್ ಎಂದಾಯಿತು. 1951ರಲ್ಲಿ ಲಿಮೆರಿಕ್ಕಿನ ಹಡಗು ಕಂಪನಿ ಕೊಂಡು ಪ್ಲಾಸಿ ಎಂದು ಕರೆಯಿತು. ಮದುವೆಯಾದ ಮೇಲೆ ಹೆಸರು ಬದಲಾಯಿಸುತ್ತಿದ್ದ ಹಿಂದಿನ ಹೆಣ್ಣುಮಕ್ಕಳಂತೆ, ಹೋದ ಮನೆಗೊಂದು ಹೆಸರು.

1960ರ ಮಾರ್ಚ್ 8. ವಿಸ್ಕಿ, ಬಣ್ಣದ ಗಾಜು, ನೂಲು ಹೇರಿಕೊಂಡು ಗಾಲ್ವೇ ಕೊಲ್ಲಿಯಲ್ಲಿ ಬರುತ್ತಿದ್ದ ಪ್ಲಾಸಿ ಭಾರಿ ಬಿರುಗಾಳಿಗೆ ಸಿಕ್ಕಿತು. ಈ ದ್ವೀಪದ ಬಳಿ ಫಿನಿಸ್ ಎಂಬ ಬಂಡೆಗೆ ಹೋಗಿ ಕೂತುಬಿಟ್ಟಿತು. ಒಳಗೆ ಹನ್ನೊಂದು ಮಂದಿ. ದಡ ಕಣ್ಣಿಗೆ ಕಾಣುತ್ತದೆ, ಆದರೆ ನಡುವೆ ಕುದಿಯುವ ನೀರು. ದ್ವೀಪದವರ ದೋಣಿ ಎಂದರೆ ಕರಖ್. ಮರದ ಪಟ್ಟಿಗಳ ಮೇಲೆ ಡಾಂಬರು ಬಳಿದ ಬಟ್ಟೆ ಹೊದಿಸಿದ ಹಗುರ ದೋಣಿ, ಎರಡು ಮೂರು ಜನ ತಲೆಯ ಮೇಲೆ ಹೊತ್ತು ನಡೆಯಬಹುದು. ಆ ಅಲೆಯಲ್ಲಿ ಅದು ಮುತ್ತುಗದ ಎಲೆಯ ದೊನ್ನೆ ಇದ್ದಂತೆ.

ಹಾಗಾದರೆ ಹೇಗೆ ಕಾಪಾಡಿದರು? ಮಕ್ಕಳೇ, ಇದನ್ನು ನಿಧಾನವಾಗಿ ಓದಿ, ಅದ್ಭುತವಾದ ಉಪಾಯ.

ದ್ವೀಪದಲ್ಲಿ ಊರಿನವರದೇ ಒಂದು ರಾಕೆಟ್ ತಂಡವಿತ್ತು. ರಾಕೆಟ್ ಎಂದರೆ ಚಂದ್ರನಿಗೆ ಹೋಗುವಂಥದ್ದಲ್ಲ, ದೀಪಾವಳಿಯ ರಾಕೆಟ್ಟಿನ ಹಿರಿಯಣ್ಣ. ಅದರ ಬಾಲಕ್ಕೆ ತೆಳ್ಳನೆಯ ಉದ್ದ ದಾರ. ದಡದಿಂದ ಅದನ್ನು ಹಡಗಿನ ಮೇಲೆ ಹಾದುಹೋಗುವಂತೆ ಹಾರಿಸುತ್ತಾರೆ. ಹಡಗಿನವರು ದಾರ ಹಿಡಿದು ಎಳೆದರೆ, ದಾರದ ಹಿಂದೆ ರಾಟೆ ಮತ್ತು ಗಟ್ಟಿ ಹಗ್ಗ ಬರುತ್ತದೆ, ಅದರ ಹಿಂದೆ ಇನ್ನೂ ದಪ್ಪ ಹಗ್ಗ. ಅದನ್ನು ಹಡಗಿನ ಕೂವೆಕಂಬದಂಥ ಎತ್ತರದ ಜಾಗಕ್ಕೆ ಬಿಗಿಯುತ್ತಾರೆ, ಇತ್ತ ದಡದಲ್ಲೂ ಬಿಗಿಯುತ್ತಾರೆ. ಈಗ ಸಮುದ್ರದ ಮೇಲೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ ಹಾಗಾಯಿತು. ಆ ಹಗ್ಗಕ್ಕೆ ಒಂದು ತೇಲುಬಳೆ ತೂಗುಹಾಕುತ್ತಾರೆ. ಬಳೆಯೊಳಗೆ ದಪ್ಪ ಕ್ಯಾನ್ವಾಸಿನ ಚಡ್ಡಿ ಹೊಲಿದಿರುತ್ತದೆ! ಒಬ್ಬರು ಆ ಚಡ್ಡಿಯೊಳಗೆ ಕಾಲಿಳಿಸಿ ಕೂತರೆ, ದಡದವರು ರಾಟೆಯ ಹಗ್ಗ ಎಳೆದು ತಮ್ಮ ಕಡೆಗೆ ತಂದುಕೊಳ್ಳುತ್ತಾರೆ. ಅವರನ್ನು ಇಳಿಸಿ, ಖಾಲಿ ಚಡ್ಡಿಯನ್ನು ಮತ್ತೆ ಹಡಗಿಗೆ ಕಳಿಸುತ್ತಾರೆ. ಹೀಗೆ ಒಬ್ಬೊಬ್ಬರಾಗಿ ಹನ್ನೊಂದು ಸಲ. ಹನ್ನೊಂದು ಮಂದಿಯೂ ಬದುಕಿದರು. ಹಿಂದಿನ ಕಾಲದ ಅರಾನ್ ಬೆಸ್ತರಲ್ಲಿ ಎಷ್ಟೋ ಜನಕ್ಕೆ ಈಜು ಬರುತ್ತಿರಲಿಲ್ಲ ಎನ್ನುವುದನ್ನು ನೆನಪಿಟ್ಟುಕೊಂಡರೆ ಈ ಕೆಲಸ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಟೀಚರ್ ಬುದ್ಧಿ ಬಿಡಲಾರದೆ ಒಂದು ಮಾತು ಸೇರಿಸುತ್ತೇನೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ದೂರಕ್ಕೆ ಹಾರಿಸುವ ರಾಕೆಟ್ಟನ್ನು ಯುದ್ಧದಲ್ಲಿ ಇಂಗ್ಲಿಷರಿಗೆ ಚೆನ್ನಾಗಿ ಪರಿಚಯಿಸಿದವರು ನಮ್ಮ ಹೈದರ್ ಮತ್ತು ಟಿಪ್ಪು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅವುಗಳಿಂದ ಪಾಠ ಕಲಿತು ವಿಲಿಯಂ ಕಾಂಗ್ರೀವ್ ತನ್ನ ಯುದ್ಧದ ರಾಕೆಟ್ ಮಾಡಿದ. ಮುಂದೆ 1820ರ ದಶಕದಲ್ಲಿ ಜಾನ್ ಡೆನೆಟ್ ಎಂಬಾತ ವೈಟ್ ದ್ವೀಪದಲ್ಲಿ ಯುದ್ಧದ ರಾಕೆಟ್ಟಿಗೆ ಹಗ್ಗ ಕಟ್ಟಿ ಜೀವ ಉಳಿಸುವ ಕೆಲಸಕ್ಕೆ ಹಚ್ಚಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಲ್ಲಿ ಸಾವಿರದಷ್ಟು ಹಳೆಯ ರಾಕೆಟ್‌ಗಳು ಸಿಕ್ಕಿದ್ದನ್ನು ಪತ್ರಿಕೆಯಲ್ಲಿ ನೀವೂ ಓದಿರಬಹುದು. ಇನಿಶ್ ಈರ್‌ನ ದಡದಿಂದ ಹಾರಿದ್ದು ಅವುಗಳ ದೂರದ ಮರಿಮಗ.

ಮೊಮ್ಮಗನಿಗೆ ಇದೆಲ್ಲ ಹೇಳುತ್ತಿದ್ದಾಗ ಅವನು ಹಡಗಿನ ಕಡೆಗೇ ನೋಡುತ್ತಿದ್ದ. ಗಾಡಿಯ ತಾತ ಕೈಯನ್ನು ಹಡಗಿನಿಂದ ಸಮುದ್ರದ ಕಡೆಗೆ ಚಾಚಿ ತೋರಿಸಿದರು. ಬಂಡೆಗೆ ಬಡಿದದ್ದು ಅಲ್ಲಿ. ಕೆಲವು ವಾರಗಳ ಮೇಲೆ ಬಂದ ಇನ್ನೊಂದು ಬಿರುಗಾಳಿ ಅದನ್ನು ಬಂಡೆಯಿಂದ ಎಬ್ಬಿಸಿ ಇಲ್ಲಿಗೆ ತಂದೆಸೆಯಿತು. ಊರಿನವರು ಒಳಗಿದ್ದ ಸರಕು, ಮರದ ಬಾಗಿಲು ಎಲ್ಲ ಬಿಚ್ಚಿ ಒಯ್ದರು. ಮರವೇ ಬೆಳೆಯದ ಊರಿನಲ್ಲಿ ಒಂದು ಬಾಗಿಲಿನ ಬೆಲೆ ನಮಗೇನು ಗೊತ್ತು! ವಿಸ್ಕಿಯ ವಿಷಯ ಕೇಳಿದಾಗ ತಾತ ಕುದುರೆಯ ಕಿವಿ ಕೆರೆಯುತ್ತ ನಕ್ಕರು, ಅಷ್ಟೇ. 2014ರ ಜನವರಿಯ ಬಿರುಗಾಳಿ ಈ ಇಡೀ ಕಬ್ಬಿಣದ ರಾಶಿಯನ್ನು ಮತ್ತೆ ಸ್ವಲ್ಪ ಸರಿಸಿತಂತೆ. ‘ಫಾದರ್ ಟೆಡ್’ ಎಂಬ ಟಿ.ವಿ. ಹಾಸ್ಯ ಧಾರಾವಾಹಿಯ ಆರಂಭದಲ್ಲಿ ಈ ಹಡಗನ್ನು ತೋರಿಸುವುದರಿಂದ ಬಹಳ ಜನ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಆ ದಿನವೂ ಐದಾರು ಮಂದಿ ಇದ್ದರು.

ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗ ಇಲ್ಲ. ನೋಡಿದರೆ ಬಂಡೆಗಳ ಮೇಲೆ ಜಿಗಿಯುತ್ತ ಹಡಗಿನ ತೂತಿನ ಬಳಿ ಹೋಗಿಬಿಟ್ಟಿದ್ದಾನೆ. ಒಂದು ಕೈ ತುಕ್ಕು ಹಿಡಿದ ತಗಡಿನ ಅಂಚಿನ ಮೇಲೆ. ಅದರ ಹಿಂದೆ, ದೂರದಲ್ಲಿ, ಅಲೆಯೊಂದು ಬಿಳಿಯಾಗಿ ಒಡೆಯಿತು. ಅವನಿಗೂ ಅಲೆಗೂ ಬಹಳ ಅಂತರವಿತ್ತು, ಈಗ ನನಗೆ ಗೊತ್ತು. ಆಗ ಗೊತ್ತಾಗಲಿಲ್ಲ. “ಏಯ್, ಹಗ್ಗ! ಹಗ್ಗ!” ಎಂದು ಕಿರುಚಿಕೊಂಡೆ.

ಗಾಡಿಯ ತಾತ ಎರಡು ಹೆಜ್ಜೆಯಲ್ಲಿ ಹೋಗಿ ಅವನ ತೋಳು ಹಿಡಿದು ಕರೆದುಕೊಂಡು ಬಂದರು. ಬೈಯಲಿಲ್ಲ. ತುಕ್ಕು ಹಿಡಿದ ತಗಡಿನ ಚೂಪು ಅಂಚನ್ನು ತೋರಿಸಿ ಏನೋ ಹೇಳಿದರು, ಐರಿಶಿನಲ್ಲಿ. ಹುಡುಗನ ಅಂಗೈಯಲ್ಲಿ ಸಣ್ಣ ಗೀರು, ಒಂದು ತೊಟ್ಟು ರಕ್ತ. ನನ್ನ ಮುಖ ನೋಡಿ ಅವನಿಗೇ ಹೆದರಿಕೆಯಾಯಿತು.

“ಅಜ್ಜಿ, ಸಾರಿ. ಆದ್ರೆ ನೀನು ಯಾಕೆ ಹಗ್ಗ ಅಂದೆ? ನನ್ನ ಹೆಸರು ಕರೀಲೇ ಇಲ್ಲ.”

ಬಂಡೆಯೊಂದರ ಮೇಲೆ ಕೂತೆವು. ಐವತ್ತು ವರ್ಷಕ್ಕೂ ಮೇಲಾಯಿತು, ನನ್ನ ಮಗಳಿಗೂ ಸರಿಯಾಗಿ ಹೇಳದಿದ್ದ ಮಾತನ್ನು ಅವನಿಗೆ ಹೇಳಿದೆ. ನನಗೊಬ್ಬ ಅಣ್ಣ ಇದ್ದ. ಅವನಿಗೆ ಹನ್ನೆರಡು, ನನಗೆ ಎಂಟು. ಬೇಸಿಗೆ ರಜೆ, ತೋಟದ ಬಾವಿ. ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯುತ್ತಿದ್ದವನು ಜಾರಿದ. ಕಪಿಲೆಯ ಹಗ್ಗವನ್ನು ಆ ದಿನ ಯಾರೋ ಬಿಚ್ಚಿ ಒಯ್ದಿದ್ದರು. “ಹಗ್ಗ ತಾ” ಎಂದು ಯಾರೋ ಕೂಗಿದರು, ನಾನು ಮನೆಯ ಕೊಟ್ಟಿಗೆಗೆ ಓಡಿದೆ. ಹಸು ಕಟ್ಟಿದ ಹಗ್ಗದ ಗಂಟು ಬಿಚ್ಚಲು ಬರಲಿಲ್ಲ. ಎಂಟು ವರ್ಷದ ಬೆರಳು. ಬಿಚ್ಚಿ ತರುವ ಹೊತ್ತಿಗೆ ಬಾವಿಯ ಸುತ್ತ ಎಲ್ಲರೂ ಸುಮ್ಮನೆ ನಿಂತಿದ್ದರು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: “ಅವರಿಗೆ ಈಜು ಬರ್ತಿರಲಿಲ್ವಾ?”

“ಇಲ್ಲ.”

“ಬಾವಿ ಹತ್ರ ಇದ್ದೋರಿಗೆ?”

“ಇಳಿದವರಿಗೂ ಅಷ್ಟಾಗಿ ಬರುತ್ತಿರಲಿಲ್ಲ ಕಣೋ.”

ಅವನು ಹಡಗಿನ ಕಡೆ ನೋಡಿದ. “ಇವರು ಮೊದಲೇ ಪ್ರಾಕ್ಟೀಸ್ ಮಾಡಿದ್ರು ಅಲ್ವಾ ಅಜ್ಜಿ. ಹಗ್ಗ ಎಲ್ಲಿದೆ ಅಂತ ಗೊತ್ತಿತ್ತು” ಎಂದ.

ನಾನು ಹೌದೆಂದು ತಲೆಯಾಡಿಸಿದೆ. ಐವತ್ತು ವರ್ಷ ನಾನು ಆ ಬಾವಿಯಿಂದ ಕಲಿತ ಪಾಠ ನೀರಿನ ಹತ್ತಿರ ಹೋಗಬಾರದು ಎಂಬುದು. ಅದನ್ನೇ ಮಗಳಿಗೂ ಕಲಿಸಿದ್ದೆ. ನಾಲ್ಕು ಕಡೆಯೂ ನೀರೇ ಇರುವ ಇನಿಶ್ ಈರ್‌ನಲ್ಲಿ ಆ ಪಾಠ ನಡೆಯುತ್ತಿರಲಿಲ್ಲ.

ಮಗಳು, ಅಳಿಯ ಕೋಟೆ ಇಳಿದು ಬಂದರು. ಬುತ್ತಿ ಬಿಚ್ಚಿ ಚಪಾತಿ, ಚಟ್ನಿಪುಡಿ ತಿಂದೆವು. ಗಾಡಿಯ ತಾತನಿಗೂ ಒಂದು ಕೊಟ್ಟೆ. ಚಟ್ನಿಪುಡಿಗೆ ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದು, “ಗುರೆವ್ ಮಹಗತ್” ಎಂದರು. ಧನ್ಯವಾದವೆಂದು ಅರ್ಥ. ಮೊಮ್ಮಗ ನನಗೆ ಮೂರು ಸಲ ಹೇಳಿಕೊಟ್ಟ. ಕಟ್ಟೆಯಲ್ಲಿ ಇಳಿಯುವಾಗ ನಾನೂ ಅದನ್ನೇ ಅವರಿಗೆ ಹಿಂದಿರುಗಿಸಿದೆ. ತಪ್ಪಾಗಿಯೇ ಹೇಳಿರಬೇಕು, ಆದರೂ ಟೋಪಿ ಎತ್ತಿ ನಮಸ್ಕರಿಸಿದರು.

ಹಿಂತಿರುಗುವ ದೋಣಿಯಲ್ಲಿ ಕಣ್ಣು ಬಿಟ್ಟುಕೊಂಡೇ ಕೂತಿದ್ದೆ. ಹೊಟ್ಟೆ ತೊಳಸಿದ್ದು ನಿಜ, ಸುಳ್ಳು ಹೇಳುವುದಿಲ್ಲ. ಪ್ಲಾಸಿ ಸ್ವಲ್ಪ ಹೊತ್ತು ಕೆಂಪು ಚುಕ್ಕೆಯಾಗಿ ಕಂಡು, ಬೂದು ಬಂಡೆಗಳಲ್ಲಿ ಬೆರೆತುಹೋಯಿತು.

ಮಾರನೇ ಸಂಜೆ ಶಾನನ್ ದಡದ ಪ್ಲಾಸಿಗೆ ವಾಕಿಂಗ್ ಹೋದೆವು. ಐರ್ಲೆಂಡಿನಲ್ಲಿ ಹೊಳೆ, ಕೆರೆ, ಕಡಲಕಟ್ಟೆಗಳ ಬಳಿ ಅಲ್ಲಲ್ಲಿ ಕಂಬಕ್ಕೆ ತೇಲುಬಳೆ ತೂಗುಹಾಕಿರುತ್ತಾರೆ. ಇದನ್ನು ಕದ್ದರೆ ಒಂದು ಜೀವ ಕದ್ದಂತೆ ಎಂಬ ಅರ್ಥದ ಬರಹ ಅದರ ಮೇಲಿರುತ್ತದೆ. ಒಂದು ತಿಂಗಳಿಂದ ಅದರ ಪಕ್ಕದಲ್ಲೇ ಓಡಾಡಿದ್ದರೂ ನಾನು ಗಮನಿಸಿರಲಿಲ್ಲ. ಮೊಮ್ಮಗ ಸೈಕಲ್ ನಿಲ್ಲಿಸಿ ಪ್ರತಿಯೊಂದನ್ನೂ ಬಗ್ಗಿ ನೋಡಿದ. “ಹಗ್ಗ ಇದೆ ಅಜ್ಜಿ” ಎಂದು ಕೂಗಿ ಮುಂದಿನದಕ್ಕೆ ಹೋದ.

ಶನಿವಾರ ಮಗಳು ಕೇಳುವ ಮೊದಲೇ ನಾನು ಟವೆಲ್ಲು ಮಡಚಿ ಚೀಲಕ್ಕೆ ಹಾಕಿದೆ. “ನಾನೂ ಬರ್ತೀನಿ, ದಡದಲ್ಲಿ ಕೂತಿರ್ತೀನಿ” ಎಂದೆ. ಮಗಳು ನನ್ನನ್ನೇ ಒಂದು ಕ್ಷಣ ನೋಡಿ, ಕಾರಿನ ಕೀ ತೆಗೆದುಕೊಂಡಳು. ಈಜುಕೊಳದಲ್ಲಿ ಔಷಧಿಯ ವಾಸನೆ, ಮಕ್ಕಳ ಗದ್ದಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವನು ನೀರಿಗಿಳಿದು ಕೊಳದ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ನನ್ನ ಕಡೆ ಒಂದು ಸಲ ನೋಡಿದ. ನಾನು ಕೈ ಎತ್ತಿದೆ. ಕಲಿಸುವ ಹುಡುಗಿ ಏನೋ ಹೇಳಿದಳು. ಅವನು ಮೊದಲು ಒಂದು ಕೈ ಬಿಟ್ಟ, ಆಮೇಲೆ ಇನ್ನೊಂದನ್ನೂ.